ಓದುವವರಿಲ್ಲ ಎಂದು ಹಲುಬುವ ಯಜಮಾನರು

ಪ್ರವಾಸಿಗರ ಊರಿನ ಈ ಪುಸ್ತಕದಂಗಡಿ ಯಜಮಾನರ ಹೊಟ್ಟೆ ತುಂಬಿಸುವುದು ಬೊಂಬೆ, ಕೀಚೈನು. ಮೈ ಉರಿಸುವುದೂ ಅವೇ. ಯಾರಾದರೂ ಪುಸ್ತಕ ಮುಟ್ಟಿದರೆ, "ಓದ್ತೀರೋ, ಬರೀ ಹಿಡ್ಕೊಂಡು ಫೋಟೊ ತೆಗೆಸ್ಕೊಳ್ಳೋಕೋ?" ಎಂದು ಜಬರಿಸುತ್ತಾರೆ, ಫೋಟೊಗೆ ಎಂದವರ ಕೈಗೆ ಬೊಂಬೆ ತುರುಕಿ, "ಇದೇ ಒಪ್ಪುತ್ತೆ ನಿಮಗೆ" ಎಂದು ಸಾಗಹಾಕುತ್ತಾರೆ. "ಈ ಊರಲ್ಲಿ ಓದೋರು ಒಬ್ಬರಾದ್ರೂ ಇದಾರೇನ್ರೀ?" ಎಂಬುದು ಅವರ ದಿನನಿತ್ಯದ ರಾಗ. ಇದ್ದಳು ಒಬ್ಬಳು. ಎದುರಿನ ಲಾಡ್ಜಿನಲ್ಲಿ ಬಟ್ಟೆ ಒಗೆಯುವ ಹೆಂಗಸು, ಮಧ್ಯಾಹ್ನದ ಬಿಡುವಿನಲ್ಲಿ ಒದ್ದೆ ಕೈ ಒರೆಸಿಕೊಂಡು ಬಂದು, ಮೂಲೆಯಲ್ಲಿ ನಿಂತೇ ಒಂದು ಕಾದಂಬರಿಯನ್ನು ಅರ್ಧ ಮುಗಿಸಿದ್ದಳು. ಬೊಂಬೆ ಕೊಳ್ಳುವವರಿಗೆ ಅಡ್ಡವಾದಳೆಂದು ಇವರು ಎಲ್ಲರೆದುರು, "ಬಿಟ್ಟಿ ಓದೋಕೆ ಇದೇನು ಲೈಬ್ರರಿ ಅಂದ್ಕೊಂಡ್ಯೇನಮ್ಮ?" ಎಂದುಬಿಟ್ಟರು. ಅವಳು ಮತ್ತೆ ಬರಲಿಲ್ಲ. ಯಜಮಾನರು ವಾರವಿಡೀ ತಮ್ಮ ನಾಲಿಗೆಗೆ ಶಾಪ ಹಾಕಿ, ಆ ಕಾದಂಬರಿಯನ್ನು ಲಾಡ್ಜಿಗೇ ಒಯ್ದರು. "ತಗೋಮ್ಮ, ಇದು ನಿಂದೇ." ಅವಳು ಹಿಂಡುತ್ತಿದ್ದ ಬಟ್ಟೆಯಿಂದ ಕಣ್ಣೆತ್ತದೆ, "ನಂಗೆ ಓದೋಕೆ ಬರಲ್ಲ ಸಾರ್" ಎಂದಳು.