ಖಾಲಿ ಬಿಟ್ಟ ಎಸಳು

ಮೊನ್ನೆ ಆಫೀಸಿನ ಹಳೆಯ ಕಡತವೊಂದನ್ನು ಬಿಚ್ಚಿದಾಗ ಹುಣಸೆಬೀಜದ ಅಂಟಿನ ವಾಸನೆ ಬಂತು. ಹುಬ್ಬಳ್ಳಿಯ ಈ ಡಿಸೈನ್ ಆಫೀಸಿನಲ್ಲಿ ನಾವು ಬಳಸುವುದು ಬಾಟಲಿಯ ಗೋಂದು. ಅದಕ್ಕೆ ಈ ವಾಸನೆ ಇಲ್ಲ. ತೆಳುಹಾಳೆಗಳನ್ನು ಎರಡೆರಡು ಸೇರಿಸಿ ಅಂಟಿಸಿ, ಗಟ್ಟಿ ಮಾಡಿ ಬರೆದ ನಾಲ್ಕು ಚಿತ್ರಗಳು ಅದರೊಳಗಿದ್ದವು. ಮೇಲಿನದು ಹೂಬಳ್ಳಿಯ ಅಂಚು. ಬಲಗಡೆಯ ಕೊನೆಯ ಹೂವನ್ನು ಹುಡುಕಿದೆ. ಅದರ ಒಂದು ಎಸಳು ಬಣ್ಣವಿಲ್ಲದೆ ಖಾಲಿ ಇತ್ತು.

ಶಿರಸಿಯಲ್ಲಿ ನಮ್ಮ ಎದುರುಮನೆಯ ಅಕ್ಕ ಬಿಟ್ಟ ಎಸಳು ಅದು.

ಅವಳು ಬೆಂಡಿನಲ್ಲಿ ಬಾಸಿಂಗ ಮಾಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದವಳು. ಸಿದ್ದಾಪುರ, ಯಲ್ಲಾಪುರದ ಮದುವೆಗಳಿಗೂ ಅವಳ ಬಾಸಿಂಗವೇ ಹೋಗುತ್ತಿತ್ತು. ಆದರೆ ಜನ ಅದನ್ನು ಅಣ್ಣನ ಬಾಸಿಂಗ ಎನ್ನುತ್ತಿದ್ದರು. ಅವರ ಮನೆಯಲ್ಲಿ ಒಂದು ಪದ್ಧತಿಯಿತ್ತು. ಬಾಸಿಂಗದ ಕೊನೆಯ ಹೂವಿನಲ್ಲಿ ಒಂದು ಎಸಳು ಬಾಕಿ ಇಡುವುದು. ಮದುವೆಮನೆಯ ಹೆಂಗಸರು ಬಂದು, ನೋಡಿ, ಒಪ್ಪಿ, ವೀಳ್ಯ ಕೊಟ್ಟ ಮೇಲೆಯೇ ಅವರ ಎದುರಿಗೆ ಅದನ್ನು ಅಂಟಿಸುವುದು. ಅಲ್ಲಿಯವರೆಗೆ ಕೆಲಸ ಮುಗಿಯಿತೆಂದು ಲೆಕ್ಕವಿಲ್ಲ.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು. ನಾನು ಧಾರವಾಡದಲ್ಲಿ ಓದುತ್ತಿದ್ದೆ, ರಜೆಗೆ ಬಂದಿದ್ದೆ. ಸಿದ್ದಾಪುರದ ಒಂದು ಮದುವೆಯಲ್ಲಿ ಅವಳ ಬಾಸಿಂಗ ನೋಡಿದ ಹುಬ್ಬಳ್ಳಿಯ ಡಿಸೈನ್ ಆಫೀಸಿನ ಮಾಲೀಕರು ಅವಳಿಂದ ಮಾದರಿ ಚಿತ್ರಗಳನ್ನು ತರಿಸಿಕೊಂಡಿದ್ದರು. ಸೀರೆಯ ಅಂಚು, ಲಗ್ನಪತ್ರಿಕೆ, ಸಾಬೂನಿನ ಚೀಟಿಗಳಿಗೆ ಚಿತ್ರ ಬರೆಯುವ ಕೆಲಸ. ಹದಿನೈದು ದಿನದೊಳಗೆ ಒಪ್ಪಿಗೆ ತಿಳಿಸಿ ಬರಬಹುದೆಂದು ಅವರ ಕಾಗದ ಬಂದಿತ್ತು.

"ನೀ ಓದಿದವಳು. ಸರಿಯಾಗಿ ವಿಚಾರ ಮಾಡಿ ಹೇಳೇ ತಂಗಿ," ಎಂದಳು ಅಕ್ಕ.

ನಾನು ಹಾಳೆಯ ನಡುವೆ ಒಂದು ಗೆರೆ ಎಳೆದೆ. ಎಡಕ್ಕೆ ಅನುಕೂಲ, ಬಲಕ್ಕೆ ಅನನುಕೂಲ. ತಿಂಗಳ ಸಂಬಳ, ಒಳ್ಳೆಯ ಕಾಗದ, ಬಣ್ಣ, ಕೂತು ಬರೆಯಲು ಮೇಜು, ಹೆಂಗಸರಿಗೆ ಬೇರೆ ಕೋಣೆ. ಬಲಗಡೆ, ಗುರುತಿಲ್ಲದ ಊರು, ಗಡಿಯಾರದ ದುಡಿಮೆ, ಬೇರೆಯವರು ಹೇಳಿದ್ದನ್ನೇ ಬರೆಯುವುದು. ಕೊನೆಗೆ, ಬರೆದದ್ದರ ಮೇಲೆ ಆಫೀಸಿನ ಹೆಸರಿರುತ್ತದೆ, ನಿನ್ನದಿರುವುದಿಲ್ಲ ಎಂದು ಸೇರಿಸಿ ಕೆಳಗೆ ಎರಡು ಗೆರೆ ಎಳೆದೆ.

"ಹೆಸರು ಎಂತಕ್ಕೆ ಮಾರಾಯ್ತಿ? ಬಾಸಿಂಗದ ಮೇಲೆ ನನ್ನ ಹೆಸರು ಬರದ್ರೆ, ತಾಳಿ ಯಾರಿಗೆ ಕಟ್ಟೂದು ಅಂತ ಮದುಮಗ ಗಲಿಬಿಲಿ ಆಗ್ತಾನೆ!"

ನಾನು ನಗಲಿಲ್ಲ. ಕಲಾವಿದೆಗೆ ಹೆಸರು ಏಕೆ ಮುಖ್ಯ ಎಂದು ವಿವರಿಸಿದೆ. ನಾನಾಗ ಒಂದು ಆಫೀಸಿನ ಮೆಟ್ಟಿಲನ್ನೂ ಹತ್ತಿರಲಿಲ್ಲ.

"ಹಂಗಾರೆ ಬ್ಯಾಡ ಅಂತೀಯ?"

"ಬೇಡ ಅಂತಲೇ ಕಾಣ್ತದೆ ಅಕ್ಕ."

ಅವಳು ಬೆಂಡಿನ ಒಂದು ಎಳೆ ಸೀಳಿ ಪಕ್ಕಕ್ಕಿಟ್ಟಳು. "ಆತು. ನೀನೇ ಬರದುಬಿಡು. ನಿನ್ನ ಅಕ್ಷರ ಚಂದ."

ಬರೆದೆ. ಒಳ್ಳೆಯ, ಗೌರವದ ಕನ್ನಡದಲ್ಲಿ ಬರೆದೆ. ಚಿತ್ರಗಳನ್ನು ಹಿಂದಕ್ಕೆ ಕಳಿಸಿ ಎಂದು ಸೇರಿಸಲು ಹೊಳೆಯಲಿಲ್ಲ. ಸಂಜೆ ಅವಳ ಅಣ್ಣ ನಮ್ಮ ಜಗಲಿಗೆ ಬಂದು, "ಒಳ್ಳೆ ಬುದ್ಧಿ ಹೇಳಿದ್ಯೇ ತಂಗಿ," ಎಂದು ಹೊಗಳಿ ಹೋದ. ಅವಳು ಉಳಿದರೆ ಲಾಭ ಯಾರಿಗೆಂದು ನನಗೆ ಆಗಲೇ ತಿಳಿಯಬೇಕಿತ್ತು.

ಮೂರು ವರ್ಷದ ಮೇಲೆ ನನಗೆ ಕೆಲಸ ಬೇಕಾಯಿತು. ಓದಿನ ಜೊತೆಗೆ ಚಿತ್ರಕಲೆಯನ್ನೂ ಅಷ್ಟಿಷ್ಟು ಕಲಿತಿದ್ದೆ. ಹುಬ್ಬಳ್ಳಿಯ ಆ ಆಫೀಸಿನ ವಿಳಾಸ ಗೊತ್ತಿತ್ತು, ಅರ್ಜಿ ಹಾಕಿದೆ. ನಾನು ಹೊರಟ ದಿನ ಅವಳು ಬಸ್ ಸ್ಟ್ಯಾಂಡಿಗೆ ಬಂದಳು. ದಾರಿಗೆಂದು ಅವಲಕ್ಕಿಯ ಪೊಟ್ಟಣ ಕೊಟ್ಟು, ಕಿಟಕಿಯ ಸರಳು ಹಿಡಿದು ಕೇಳಿದಳು: "ನಿನ್ನ ಹೆಸರು ಹಾಕ್ತಾರನೇ ಅಲ್ಲಿ?"

ಬಸ್ಸು ದಾಸನಕೊಪ್ಪ ದಾಟುವವರೆಗೂ ಪೊಟ್ಟಣ ತೊಡೆಯ ಮೇಲೆಯೇ ಇತ್ತು...

ಇಲ್ಲಿ ಕೆಲಸ ಮಾಡಿದ ಇಷ್ಟು ವರ್ಷಗಳಲ್ಲಿ ಆ ಪಟ್ಟಿಯನ್ನು ಎಷ್ಟೋ ಸಲ ಮನಸ್ಸಿನಲ್ಲೇ ತಿದ್ದಿ ನೋಡಿದ್ದೇನೆ. ತಿದ್ದುವಂಥದ್ದೇನೂ ಇಲ್ಲ. ಸಂಬಳ ಬರುತ್ತದೆ, ಮೇಜಿಗೆ ಒಳ್ಳೆಯ ಬೆಳಕಿದೆ. ಹೆಸರು ಎಲ್ಲಿಯೂ ಬರುವುದಿಲ್ಲ. ಅದರ ಕೊರತೆ ನನ್ನನ್ನು ವರ್ಷಕ್ಕೊಮ್ಮೆಯೂ ಕಾಡುವುದಿಲ್ಲ. ನಾನು ಅಳೆದದ್ದು ಹೋಗುವುದರ ಅನುಕೂಲ, ಅನನುಕೂಲಗಳನ್ನು ಮಾತ್ರ. ಉಳಿಯುವುದಕ್ಕೆ ಒಂದು ಪಟ್ಟಿ ಮಾಡಲಿಲ್ಲ. ಮಾಡಿದ್ದರೆ ಎಡಗಡೆಯಲ್ಲಿ ಏನು ಬರೆಯುತ್ತಿದ್ದೆ? ಅವಳು ಅಣ್ಣನ ಮನೆಯ ಪಾತ್ರೆ ತೊಳೆದು, ಉಳಿದ ವೇಳೆಯಲ್ಲಿ ಒಲೆಯ ಪಕ್ಕ ಕೂತು ಬಾಸಿಂಗ ಮಾಡುತ್ತಿದ್ದಳು. ಹೊಗೆಗೆ ಕಣ್ಣು ಮಂಜಾದವು. ಹೋದ ಆಷಾಢದಲ್ಲಿ ತೀರಿಹೋದಳು. ಅಮ್ಮನ ಕಾಗದದಲ್ಲಿ ಅದು ಕೊನೆಯ ಸಾಲಾಗಿತ್ತು.

ಕಡತ ತೆಗೆಸಿದ್ದು ಮಾಲೀಕರು. ಲಗ್ನಪತ್ರಿಕೆಯ ಅಂಚಿಗೆ ಅವರಿಗೆ ಆ ಬಳ್ಳಿಯೇ ಬೇಕಂತೆ. "ಯಾರು ಬರೆದದ್ದೋ, ಈಗ ನೆನಪಿಲ್ಲ, ಕೈ ಚೆನ್ನಾಗಿದೆ. ಒಂದು ಎಸಳು ಮರೆತಿದ್ದಾರೆ ನೋಡ್ರಿ. ತುಂಬಿ ಕೊಡ್ರಿ, ನಾಳೆ ಅಚ್ಚಿನ ಬ್ಲಾಕಿಗೆ ಹೋಗಬೇಕು," ಎಂದರು.

ಮರೆತದ್ದಲ್ಲ, ಒಪ್ಪಿಗೆಗೆ ಕಾಯುತ್ತಿದೆ ಎಂದು ಹೇಳಬಹುದಿತ್ತು. ಯಾರು ಬರೆದದ್ದು ಎಂದೂ ಹೇಳಬಹುದಿತ್ತು. ಹೇಳಿದರೆ ಅವಳೇಕೆ ಬರಲಿಲ್ಲ ಎಂದು ಕೇಳುತ್ತಿದ್ದರು...

ಕುಂಚ ಅದ್ದಿ ತುಂಬಿದೆ. ನೀಟಾಗಿ ಬಂದಿದೆ. ಈಗ ಆ ಹೂವಿನಲ್ಲಿ ನಾನು ತುಂಬಿದ ಎಸಳು ಯಾವುದೆಂದು ಯಾರಿಗೂ ತಿಳಿಯುವುದಿಲ್ಲ.