ಅಳೆಯದ ಮಳೆ

1938ರ ಮಳೆಗಾಲದಲ್ಲಿ ನಾನು ಒಂದು ನಿಜ ಹೇಳಬೇಕಾಗಿತ್ತು, ಹೇಳಲಿಲ್ಲ. ಅದರ ಏಟು ಅಣ್ಣನ ಮಗಳ ಮೇಲೆ ಬಿತ್ತು. ಆಗ ನಾನು ಹಿರೇಕೆರೂರು ಸೀಮೆಯ ಒಂದು ಸರಕಾರಿ ಕಚೇರಿಯಲ್ಲಿ ಪಟ್ಟೇವಾಲಾ, ಅಂದರೆ ಜವಾನ. ಓದಿದ್ದು ಕನ್ನಡ ನಾಲ್ಕನೇ ಇಯತ್ತೆ. ಅಂಕಿ ಬರೆಯಲು ಬರುತ್ತದೆಂದು ಮಳೆಮಾಪಕವನ್ನು ನನ್ನ ವಶಕ್ಕೆ ಕೊಟ್ಟಿದ್ದರು. ಅಂಗಳದಲ್ಲಿ ತಾಮ್ರದ ಆಲಿಕೆ, ಅದರ ಕೆಳಗೆ ಬಾಟಲಿ. ಬೆಳಿಗ್ಗೆ ಎಂಟಕ್ಕೆ ಆ ನೀರನ್ನು ಗೆರೆ ಹಾಕಿದ ಗ್ಲಾಸಿಗೆ ಸುರಿದು, ಇಷ್ಟು ಇಂಚು, ಇಷ್ಟು ಸೆಂಟು ಎಂದು ರಜಿಸ್ಟರಿನಲ್ಲಿ ಬರೆಯಬೇಕು. ನೂರು ಸೆಂಟಿಗೆ ಒಂದು ಇಂಚು.

ಅಣ್ಣ ಅದೇ ಊರಲ್ಲಿ ದರ್ಜಿ. ಸಾಲೆಯಲ್ಲಿ ಬರೀ ಬಾಯಿಪಾಠ ಎಂದು ಅವನಿಗೂ ಅತ್ತಿಗೆಗೂ ಅಸಮಾಧಾನ. ಆ ವರ್ಷ ಓಣಿಯ ನಾಲ್ಕೈದು ತಾಯಿತಂದೆಯರನ್ನು ಒಪ್ಪಿಸಿ, ರವಿವಾರ ಮಕ್ಕಳನ್ನು ಕೆರೆಯ ಏರಿಗೆ ಕರೆದೊಯ್ಯತೊಡಗಿದರು. ಕೋಲು ನೆಟ್ಟು ನೆರಳು ಅಳೆಸಿದರು. ಕಪ್ಪು ಎರೆಮಣ್ಣಿಗೂ ಕೆಂಪು ಮಸಾರಿ ಮಣ್ಣಿಗೂ ಸಮ ನೀರು ಹಾಕಿಸಿ, ಯಾವುದು ಬೇಗ ಹೀರುತ್ತದೆಂದು ನೋಡಿಸಿದರು. ಜೂನಿನಲ್ಲಿ ಬಾಯಿ ಕತ್ತರಿಸಿದ ಚಿಮಣಿ ಎಣ್ಣೆಯ ಡಬ್ಬಿಯನ್ನು ಬಯಲಲ್ಲಿಟ್ಟು ದಿನವೂ ಮಳೆ ಅಳೆಯಲು ಹಚ್ಚಿದರು. ಡಬ್ಬಿಯೊಳಗೆ ಮರದ ಇಂಚುಪಟ್ಟಿ ಇಳಿಬಿಟ್ಟು ಓದಿ, ವಹಿಯಲ್ಲಿ ಬರೆದಿಡುವ ಕೆಲಸ ಅಣ್ಣನ ಮಗಳು ಶಾಂತವ್ವನದು. ಹತ್ತು ವರ್ಷದ ಹುಡುಗಿ, ಕಣ್ಣು ನೀರಿನ ಮಟ್ಟಕ್ಕೆ ಬರಬೇಕೆಂದು ಕೆಸರಿನಲ್ಲೇ ಮಂಡಿಯೂರುತ್ತಿದ್ದಳು.

ನಾನು? ಜುಲೈನಲ್ಲಿ ಒಂದು ಬೆಳಿಗ್ಗೆ ಮಳೆ ಬಾರಿಸುತ್ತಿತ್ತು. ಅಂಗಳಕ್ಕೆ ಇಳಿಯಲು ಮೈಗಳ್ಳತನ. ಪಡಸಾಲೆಯಲ್ಲಿ ಕುಳಿತೇ ನಲವತ್ತು ಸೆಂಟು ಎಂದು ಬರೆದೆ. ಮರುದಿನ ನೋಡಿದರೆ ಬಾಟಲಿ ತುಂಬಿತ್ತು. ಅಳೆದರೆ ಸುಳ್ಳು ಹೊರಬೀಳುತ್ತದೆಂದು ಚೆಲ್ಲಿಬಿಟ್ಟೆ.

ಆಗಸ್ಟಿನಲ್ಲಿ ಅಣ್ಣ ಮಕ್ಕಳನ್ನೂ ಅವರ ಹಿರಿಯರನ್ನೂ ಕಚೇರಿಗೆ ಕರೆತಂದ. ಸರಕಾರಿ ಮಾಪಕ ತೋರಿಸಿ ಎರಡೂ ಲೆಕ್ಕ ಹೋಲಿಸಬೇಕೆಂದು ಅವನ ಹುರುಪು. ಹಿರಿಯ ಕಾರಕೂನ ರಜಿಸ್ಟರ್ ತೆಗೆದ. ಬಹಳ ದಿನಗಳ ಅಂಕಿಗಳು ಹತ್ತಿರ ಹತ್ತಿರ ಇದ್ದವು. ಆ ದಿನಕ್ಕೆ ಬಂದಾಗ ರಜಿಸ್ಟರಿನಲ್ಲಿ ನಲವತ್ತು ಸೆಂಟು, ಶಾಂತವ್ವನ ವಹಿಯಲ್ಲಿ ಎರಡೂವರೆ ಇಂಚು. ಅವತ್ತು ಹಳ್ಳ ಬಂದಿತ್ತೇ, ಕೆರೆ ಏರಿತ್ತೇ ಎಂದು ಆ ಮನುಷ್ಯ ಒಂದು ಮಾತು ವಿಚಾರಿಸಲಿಲ್ಲ. ನಕ್ಕ.

"ಅಂಗಿ ಅಳ್ಯೂ ಪಟ್ಟಿಲೆ ಆಕಾಶ ಅಳ್ಯಾಕ ಹೊಂಟಿಯೇನಪಾ?" ಎಂದು ಅಣ್ಣನನ್ನು ಚುಚ್ಚಿ, ನನ್ನ ಕಡೆ ತಿರುಗಿದ. "ನೀನ ಅಳದಿ, ಹೌದಿಲ್ಲೋ?"

"ಹೌದ್ರಿ ಸಾಹೇಬ್ರ," ಎಂದೆ.

"ಕಾಕಾ, ನಾ ಎರಡ ಸಲ ಅಳದೇನಿ," ಎಂದಳು ಶಾಂತವ್ವ.

ಅಣ್ಣನ ಮೇಲೂ ನನಗೆ ಸಿಟ್ಟಿದೆ. ಒಂದು ಬಟ್ಟೆಯನ್ನೂ ತಪ್ಪಾಗಿ ಕತ್ತರಿಸದ ಮನುಷ್ಯ ಮಗಳ ಕಣ್ಣಿಗಿಂತ ರಜಿಸ್ಟರಿನ ಮೇಲೆ ಒತ್ತಿದ ಸರಕಾರಿ ಶಿಕ್ಕಾ ನಂಬಿದ. ತಪ್ಪು ಬರೆದೆನೆಂದು ಒಪ್ಪಿಕೋ ಎಂದ. ಅವಳು ಒಪ್ಪಲಿಲ್ಲ. ಎಲ್ಲರೆದುರು ಕಪಾಳಕ್ಕೆ ಹೊಡೆದು ವಹಿ ಹರಿದ. ಮುಂದಿನ ರವಿವಾರ ಏರಿಗೆ ಯಾರ ಮಕ್ಕಳೂ ಬರಲಿಲ್ಲ. ಓಣಿಯ ಹುಡುಗರು ಅವಳನ್ನು ಸುಳ್ಳಿ ಎಂದೇ ಕರೆದರು. ದೀಪಾವಳಿಯ ಹೊತ್ತಿಗೆ ಅವಳು ಸಾಲೆ ಬಿಟ್ಟಳು. ನನಗೆ? ಶಿಸ್ತಿನ ನೌಕರನೆಂಬ ಮೆಚ್ಚುಗೆ! ನೆನೆದರೆ ಇವತ್ತಿಗೂ ನನ್ನ ಕೈಯನ್ನು ನಾನೇ ಕಡಿದುಕೊಳ್ಳಬೇಕೆನಿಸುತ್ತದೆ.

ಆಮೇಲೆ ತಪ್ಪದೆ ಅಳೆದೆ. ಜ್ವರದಿಂದ ಏಳಲಾಗದ ದಿನಗಳಿಗೆ "ಅಳೆದಿಲ್ಲ" ಎಂದೇ ಬರೆದು ಬೈಗುಳ ತಿಂದೆ. ನೌಕರಿ ಕಲಿಸಿದ್ದು ಇದು: ಖಾಲಿ ಬಿಟ್ಟ ಜಾಗ ನೋಡಿದವರು ಪ್ರಶ್ನೆ ಕೇಳುತ್ತಾರೆ. ಸುಳ್ಳು ತುಂಬಿದರೆ ಯಾರೂ ಕೇಳುವುದಿಲ್ಲ, ಅದರ ಮೇಲೆ ಶಿಕ್ಕಾ ಒತ್ತುತ್ತಾರೆ. ಆದರೆ ನಾನು ಕಲಿತದ್ದರಿಂದ ಶಾಂತವ್ವನಿಗೇನು ಬಂತು?

1946ರಲ್ಲಿ ಓಣಿಯ ಎಳೆಯ ತಾಯಿತಂದೆಯರು ಅಣ್ಣನ ಮನೆಗೆ ಬಂದರು. ರವಿವಾರದ ಆ ಪಾಠ ಮತ್ತೆ ಶುರು ಮಾಡೋಣ, ನೀವೇ ಮುಂದೆ ನಿಲ್ಲಬೇಕು ಎಂದು ಕೇಳಿದರು. ಹಾನಗಲ್ಲಿಗೆ ಮದುವೆಯಾಗಿ ಹೋಗಿದ್ದ ಶಾಂತವ್ವ ತವರಿಗೆ ಬಂದಿದ್ದಳು. ಅವರಿಗೆ ಚಹಾ ಕೊಡುತ್ತಿದ್ದಳು. ನಾನೂ ಅಲ್ಲೇ ಕುಳಿತಿದ್ದೆ.

"ಬ್ಯಾಡ್ರಿ," ಎಂದ ಅಣ್ಣ. "ನಮ್ಮಾಕಿ ಸುಳ್ಳ ಬರದು ಒಮ್ಮೆ ಮಾನ ಹೋಗೇತಿ."

ಶಾಂತವ್ವ ತಟ್ಟೆ ಕೆಳಗಿಟ್ಟು ಒಳಗೆ ಹೊರಟಳು. ನನ್ನ ಮೈಯೆಲ್ಲ ಉರಿದುಹೋಯಿತು. ಎದ್ದು ಅವಳಿಗೆ ಅಡ್ಡ ನಿಂತು, ಬಂದವರೆಲ್ಲ ಕೇಳುವಂತೆ ಹೇಳಿದೆ:

"ಅಣ್ಣಾ, ಸುಳ್ಳ ಬರದಾಂವ ನಾನು. ಆವತ್ತ ನಾ ಮಳಿ ಅಳದೇ ಇಲ್ಲ, ಕುಂತಲ್ಲೇ ಬರದೇನಿ. ಶಾಂತವ್ವಾ, ನೀ ಅಳದಿದ್ದ ಖರೇ ಇತ್ತು. ನಿನಗ ಬಿದ್ದ ಏಟ ನನಗ ಬೀಳಬೇಕಾಗಿತ್ತು. ನನ್ನದು ತಪ್ಪಾತವಾ."