ಸಾರಿಕಾ ಹುಡುಕಿದ ಪದರು

ಸಾರಿಕಾ ಮಹಾರಾಷ್ಟ್ರದ ಅಕ್ಕಲಕೋಟದ ಹತ್ತಿರದ ಮೈಂದರ್ಗಿಯವಳು. ತಾಯಿ ಸುಗಲಾಬಾಯಿ ಬೀಡಿ ಕಟ್ಟಿ ಓದಿಸಿದ ಮಗಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಎಂ.ಎಸ್ಸಿ.ಯಲ್ಲಿ ಇಂಗ್ಲಿಷ್. ಮೂರನ್ನೂ ದಾಟಿಕೊಂಡು ಸೊಲ್ಲಾಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಪಿಎಚ್.ಡಿ.ಗೆ ಸೇರಿದಳು.

ಅವಳ ಕೆಲಸವನ್ನು ಊರಲ್ಲಿ ಯಾರಿಗೂ ತಿಳಿಸಿ ಹೇಳಲಾಗುತ್ತಿರಲಿಲ್ಲ. ಕಪ್ಪು ಹೊಳಪಿನ ಒಂದು ಹರಳು. ಅದಕ್ಕೆ ಅಂಟುಪಟ್ಟಿ ಹಚ್ಚಿ ಕೀಳುವುದು, ಕಿತ್ತು ಬಂದದ್ದನ್ನು ಮತ್ತೆ ಅಂಟಿಸಿ ಕೀಳುವುದು. ಉಳ್ಳಾಗಡ್ಡಿಯ ಹಾಗೆ ಅದು ಪದರು ಪದರಾಗಿ ಬಿಚ್ಚುತ್ತದೆ. ಕೊನೆಗೆ ಉಗುರಗಲದ ಸಿಲಿಕಾನ್ ಬಿಲ್ಲೆಯ ಮೇಲೆ ಒತ್ತಿ, ಸೂಕ್ಷ್ಮದರ್ಶಕದಲ್ಲಿ ಹುಡುಕಬೇಕು. ದಪ್ಪ ಚೂರುಗಳು ಲೇಸರ್ ಬೆಳಕನ್ನು ನುಂಗಿ ಸುಮ್ಮನಿರುತ್ತವೆ. ಒಂದೇ ಪದರಿನ ಚೂರು, ಅಂದರೆ ಮೂರೇ ಪರಮಾಣುಗಳಷ್ಟು ದಪ್ಪದ್ದು, ಹಸಿರು ಲೇಸರಿಗೆ ಕೆಂಪಾಗಿ ಬೆಳಗುತ್ತದೆ. ಆ ಬೆಳಕನ್ನು ವಿದ್ಯುತ್ತಿನಿಂದ ಹೊತ್ತಿಸಿ ಆರಿಸಲು ಬಂದರೆ, ಇಂದು ಕಂಪ್ಯೂಟರಿನ ತಂತಿಗಳನ್ನು ಬಿಸಿ ಮಾಡುತ್ತ ಓಡುವ ಮಾಹಿತಿಯನ್ನು ನಾಳೆ ಬೆಳಕೇ ಹೊತ್ತೊಯ್ಯಬಹುದು. ಸಾರಿಕಾ ಇದನ್ನು ನಂಬಿ ದುಡಿದಳು.

ಅಳತೆಗೆ ಸಾಕಾಗುವಷ್ಟು ದೊಡ್ಡ ಒಂಟಿ ಪದರು ಅವಳಿಗೆ ಎರಡು ಮಳೆಗಾಲ ಕಳೆದ ಮೇಲೆ ಸಿಕ್ಕಿತು. ಅಳತೆಯ ಯಂತ್ರ ಇದ್ದದ್ದು ಪುಣೆಯ ಒಂದು ಸಂಸ್ಥೆಯಲ್ಲಿ. ಅಲ್ಲಿ ಸರದಿ ದಸರೆಯ ಮರುವಾರಕ್ಕೆ ಬಂದಿತ್ತು. ಅದು ತಪ್ಪಿದರೆ ಮುಂದಿನ ಸರದಿಯ ಹೊತ್ತಿಗೆ ಅವಳ ಶಿಷ್ಯವೇತನವೇ ಮುಗಿದಿರುತ್ತಿತ್ತು.

ಮಾರ್ಗದರ್ಶಕ ಪಂಢರಿನಾಥ ಸರ್ ಹಿಗ್ಗಿದರು. "ಬೀಡಿ ಸುತ್ತಿದ ಕೈ ಅಲ್ಲೇನು, ಅದಕ್ಕ ಸಿಕ್ತು!" ಎಂದು ಎಲ್ಲರೆದುರು ನಕ್ಕರು. ಅವರ ಬಳಿಯೇ ಓದುತ್ತಿದ್ದ ಅಮೇಯನೂ ನಕ್ಕ. ಸಾರಿಕಾಳೂ ನಗಬೇಕಾಯಿತು.

ಆ ಲ್ಯಾಬಿನಲ್ಲಿ ದಸರೆಯ ಮುನ್ನಾದಿನ, ಖಂಡೇನವಮಿಯಂದು, ಯಂತ್ರಗಳಿಗೆ ಪೂಜೆ. ಆ ವರ್ಷ ಸರ್ ಪತ್ರಿಕೆಯವರನ್ನೂ ಕರೆದಿದ್ದರು. ಪದರಿದ್ದ ಡಬ್ಬಿಯನ್ನು ತಾವೇ ಕಪಾಟಿನಿಂದ ತೆಗೆದು ಪೂಜೆಯ ಮೇಜಿನ ನಡುವೆ ಇಟ್ಟರು.

"ಸರ್, ಅದು ಒಳಗ ಇರಲ್ರಿ," ಎಂದಳು ಸಾರಿಕಾ.

"ಫೋಟೊದಾಗ ಬರೇ ಮೇಜ ತೋರಸೂದೇನು? ಮುಚ್ಚಳ ಯಾರೂ ತಗಿಯೂದಿಲ್ಲ. ನೀ ಹೋಗಿ ಬಾಗಲಾಗ ರಾಂಗೋಳಿ ಹಾಕು. ನಿನ್ನ ಬಿಟ್ರ ಇಲ್ಲಿ ಹೆಣಮಕ್ಕಳು ಯಾರದಾರ?"

ಅವಳು ಹೋದಳು. ಸರ್ ಪತ್ರಿಕೆಯವರನ್ನು ಕರೆತರಲು ಗೇಟಿನ ಕಡೆ ಇಳಿದರು. ಆಗ ಅವರ ಹೆಂಡತಿ ವೇಣೂಬಾಯಿ ಆರತಿ ತಟ್ಟೆ ಹಿಡಿದು ಬಂದರು. ಒರೆಸದ ಹತ್ಯಾರಕ್ಕೆ ಕುಂಕುಮ ಹಚ್ಚುವ ಪದ್ಧತಿ ಅವರ ಮನೆಯಲ್ಲಿ ಇರಲಿಲ್ಲ. ಒದ್ದೆ ಬಟ್ಟೆಯಿಂದ ಸೂಕ್ಷ್ಮದರ್ಶಕ ಒರೆಸಿದರು, ಲೇಸರಿನ ಪೆಟ್ಟಿಗೆ ಒರೆಸಿದರು, ಆಮೇಲೆ ಡಬ್ಬಿಯ ಮುಚ್ಚಳ ತೆಗೆದರು. ಅಮೇಯ ಅಲ್ಲೇ ಕುಳಿತು ಮೊಬೈಲ್ ನೋಡುತ್ತಿದ್ದ.

ಸಾರಿಕಾ ಒಳಗೆ ಬಂದಾಗ ಬಿಲ್ಲೆಯ ನಡುವೆ ಅರಿಶಿನ ಕುಂಕುಮ ಇತ್ತು.

"ಕಾಕು, ಇದನ್ನ ಒರಿಸೀರೇನ್ರಿ?"

"ಹೂಂ ಮತ್ತ! ಎಷ್ಟು ಹೊಲಸ ಕುಂತಿತ್ತು ಅದರ ಮ್ಯಾಲ, ಚುಕ್ಕಿ ಚುಕ್ಕಿ. ತಿಕ್ಕಿ ತಿಕ್ಕಿ ತಗದೀನಿ. ಈಗ ನೋಡು, ಕನ್ನಡಿ ಆಗೇದ. ಕಲತ ಹುಡುಗ್ಯಾರು ನೀವು, ಒಂದು ಒರಸೂ ಅರಬಿ ಹಿಡಿಯಾಕ ಬರಂಗಿಲ್ಲ ನಿಮಗ!"

ಅಷ್ಟರಲ್ಲಿ ಸರ್ ಬಂದರು. ಬಿಲ್ಲೆ ನೋಡಿ ಅವರ ಮುಖ ಕಪ್ಪಿಟ್ಟಿತು. ಹಿಂದೆಯೇ ಫೋಟೊದವನು ಬಂದ. ಸರ್ ಮುಖ ಸರಿಮಾಡಿಕೊಂಡು, "ಸಾರಿಕಾ, ಬಾ, ಡಬ್ಬಿ ಹಿಡಕೊಂಡ ನಿಂದರು," ಎಂದರು. ಅವಳು ನಿಂತಳು.

ಎಲ್ಲರೂ ಹೋದ ಮೇಲೆ ಸರ್ ಹೇಳಿದರು: "ಡಬ್ಬಿಗೆ ಕೀಲಿ ಹಾಕಬೇಕಿತ್ತು ನೀ."

"ನೀವ ತಗದ ಇಟ್ಟೀರಲ್ರಿ ಸರ್."

"ಹಬ್ಬದ ದಿನಾ ವಾದ ಬ್ಯಾಡ. ಕಾಕೂಗ ಏನೂ ಹೇಳಬ್ಯಾಡ ಮತ್ತ, ಮನಸಿಗೆ ಹಚ್ಚಿಕೋತಾಳ."

ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಗೀರುಗಳು ಮತ್ತು ಕುಂಕುಮದ ಪುಡಿ. ಪುಣೆಯ ಸರದಿಯನ್ನು ಸರ್ ಅಮೇಯನಿಗೆ ಕೊಟ್ಟರು. ಅವನು ದುಬಾರಿ ಬೆಲೆ ತೆತ್ತು ಕಂಪನಿಯಿಂದ ಕೊಂಡ ಪದರು ಒಯ್ದು ಅಳೆದು ಬಂದ. ಅವನ ಪ್ರಬಂಧದ ಕೊನೆಯ ಸಾಲಿನಲ್ಲಿ ಸಾರಿಕಾಳಿಗೆ ಕೃತಜ್ಞತೆ ಇದೆ. ಅವಳ ಶಿಷ್ಯವೇತನ ನಿಂತಿತು. ಈಗ ಅವಳು ಅಕ್ಕಲಕೋಟ ಬಸ್ ಸ್ಟ್ಯಾಂಡಿನ ಹತ್ತಿರದ ಟ್ಯೂಷನ್ ಕ್ಲಾಸಿನಲ್ಲಿ ಹತ್ತನೆಯ ಇಯತ್ತೆಯವರಿಗೆ ವಿಜ್ಞಾನ ಹೇಳುತ್ತಾಳೆ.

ಪತ್ರಿಕೆಯ ಆ ಫೋಟೊಕ್ಕೆ ಸುಗಲಾಬಾಯಿ ಕಟ್ಟು ಹಾಕಿಸಿದ್ದಾಳೆ. ಬಂದವರಿಗೆಲ್ಲ ಬೆರಳಿಟ್ಟು ತೋರಿಸುತ್ತಾಳೆ: "ಇದ ನೋಡ್ರಿ, ನನ್ನ ಮಗಳು ಹುಡಕಿದ್ದು." ನಡೆದದ್ದೇನೆಂದು ಸಾರಿಕಾ ತಾಯಿಗೆ ಹೇಳಿಲ್ಲ. ಖಂಡೇನವಮಿ ಬಂದರೆ ತಾಯಿ ಆ ಗಾಜನ್ನು ಒದ್ದೆ ಬಟ್ಟೆಯಿಂದ ತಿಕ್ಕಿ ಒರೆಸಿ, ಡಬ್ಬಿ ಇರುವಲ್ಲಿ ಕುಂಕುಮ ಹಚ್ಚುತ್ತಾಳೆ. ಅಂದು ಸಾರಿಕಾ ಮೊದಲ ಬಸ್ಸಿಗೇ ಅಕ್ಕಲಕೋಟಕ್ಕೆ ಹೊರಟುಬಿಡುತ್ತಾಳೆ. ಅಂದು ಕ್ಲಾಸಿಗೆ ರಜೆ.